ಗಾಳಿ ನೋಡಿ ಹೊರಡೋಣ

ವಿಟ್‌ಬಿ
ಜೂನ್ ಕೊನೆಯ ವಾರ

ಪ್ರೀತಿಯ ಅಣ್ಣ,

ನೀನು ಕಳಿಸಿದ ನಕ್ಷೆ ಸಿಕ್ಕಿತು. ಕೆಂಪು ಪೆನ್ನಿನಲ್ಲಿ ದಾರಿ ಎಳೆದು ದಿನಕ್ಕಿಷ್ಟು ಕಿಲೋಮೀಟರ್ ಎಂದು ಅಂಚಿನಲ್ಲಿ ಬರೆದಿದ್ದೀಯಲ್ಲ, ಮೊದಲು ನಗು ಬಂತು, ಆಮೇಲೆ ಸಣ್ಣಗೆ ದಿಗಿಲೂ ಆಯಿತು. ಮೊದಲ ದಿನ 110, ಮರುದಿನ 120, ನಡುವೆ ಒಂದು ದಿನ ‘ವಿಶ್ರಾಂತಿ: ಕಡಲ ದಂಡೆಯ ರಸ್ತೆ, 70’. ಮಹರಾಯ, ಆ ವಿಶ್ರಾಂತಿಯ ದಿನವೇ ನಿನ್ನ ಕಥೆ ಮುಗಿಸುತ್ತದೆ. ಫೋನಿನಲ್ಲಿ ಹೇಳಿದರೆ ‘ಆಯ್ತು, ನೋಡುವಾ’ ಎಂದು ಮಾತು ತಿರುಗಿಸುತ್ತೀಯ. ಅದಕ್ಕೇ ಕಾಗದದ ಮೇಲೆ ಬರೆಯುತ್ತಿದ್ದೇನೆ. ಅತ್ತಿಗೆಗೂ ಓದಿ ಹೇಳು, ಅವರು ನನ್ನ ಕಡೆಯೇ ನಿಲ್ಲುತ್ತಾರೆ.

ನಿನ್ನ ಲೆಕ್ಕ ನನಗೆ ಗೊತ್ತಾಗದ್ದೇನಲ್ಲ. ಕುಮಟಾದಿಂದ ಧಾರೇಶ್ವರ, ಹಳದೀಪುರ ದಾಟಿ ಹೊನ್ನಾವರಕ್ಕೆ ಹೋಗುವವನಿಗೆ ಕಡಲ ಬದಿ ಎಂದರೆ ಸುಮಾರಾಗಿ ಸಮತಟ್ಟು. ಕಷ್ಟ ಏನಿದ್ದರೂ ದೇವಿಮನೆ ಘಟ್ಟದ ಕಡೆಗೆ ಮುಖ ಮಾಡಿದ ಮೇಲೆ. ಇಲ್ಲಿ ಅದು ತಿರುವುಮುರುವು. ನಾರ್ತ್ ಯಾರ್ಕ್ ಮೂರ್ಸ್ ಎಂಬ ಈ ಬೆಟ್ಟಗಳ ಅತ್ಯುನ್ನತ ಜಾಗವೇ 454 ಮೀಟರ್. ನಿನಗೆ ಅದು ಬೆಟ್ಟವೇ ಅಲ್ಲ. ಆದರೆ ಮೇಲೆ ಒಂದು ಸಲ ಹತ್ತಿದೆ ಎಂದರೆ ಗಂಟೆಗಟ್ಟಲೆ ಮೇಲೆಯೇ ಇರಬಹುದು. ಕಡಲ ದಂಡೆಯಲ್ಲಿ ಆ ಸುಖ ಇಲ್ಲ. ಇಲ್ಲಿ ನೆಲ ಕಡಲಿಗೆ ಮೆಲ್ಲಗೆ ಇಳಿಯುವುದಿಲ್ಲ, ಕಡಿದು ಬೀಳುತ್ತದೆ. ಆ ಕಡಿದಾದ ಗೋಡೆಯನ್ನು ಸಣ್ಣ ಸಣ್ಣ ಹಳ್ಳಗಳು ಅಲ್ಲಲ್ಲಿ ಸೀಳಿ ಸಮುದ್ರ ಸೇರುತ್ತವೆ. ಒಂದೊಂದು ಸೀಳಿನ ಬುಡದಲ್ಲಿ ಒಂದೊಂದು ಮೀನುಗಾರರ ಊರು. ರಸ್ತೆ ಪ್ರತಿ ಊರಿಗೂ ಇಳಿಯಲೇಬೇಕು, ಮತ್ತೆ ಹತ್ತಲೇಬೇಕು.

ವಿಟ್‌ಬಿಯಿಂದ ಉತ್ತರಕ್ಕೆ ಹೊರಟೆ ಅಂತ ಇಟ್ಟುಕೋ. ಸ್ಯಾಂಡ್ಸೆಂಡ್ ತನಕ ಮರಳಿನ ಬದಿಯಲ್ಲೇ ಆರಾಮದ ದಾರಿ, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು ಬಲಗೈಯಲ್ಲಿ ಕಡಲು ತೋರಿಸಬಹುದು. ಅಲ್ಲಿಂದ ಥಟ್ಟನೆ ಲೈತ್ ಬ್ಯಾಂಕ್. ಇಲ್ಲಿ ಕಡಿದಾದ ಏರಿಗೆ ಬ್ಯಾಂಕ್ ಅನ್ನುತ್ತಾರೆ. ಇದು ನೂರಕ್ಕೆ 25ರ ಏರು. ಹತ್ತಿ ಉಸಿರು ಸುಧಾರಿಸಿಕೊಳ್ಳುವಷ್ಟರಲ್ಲಿ ಸ್ಟೇತ್ಸ್‌ನ ಕಣಿವೆ, ಅದನ್ನು ದಾಟಿದರೆ ಬೌಲ್ಬಿ. ಇಂಗ್ಲೆಂಡಿನ ಪೂರ್ವ ತೀರದ ಅತಿ ಎತ್ತರದ ಕಡಲ ಬಂಡೆ ಬೌಲ್ಬಿಯದ್ದು, 203 ಮೀಟರ್. ಅಲ್ಲೊಂದು ಗಣಿಯಿದೆ. ಗೊಬ್ಬರಕ್ಕೆ ಬೇಕಾದ ಖನಿಜ ತೆಗೆಯುತ್ತಾ ಸಮುದ್ರದ ತಳದ ಕೆಳಗೂ ಸುರಂಗ ಹೋಗಿದೆ. ನೆಲದಿಂದ 1,100 ಮೀಟರ್ ಆಳದಲ್ಲಿ, ಆ ಗಣಿಯೊಳಗೇ, ಕಪ್ಪು ದ್ರವ್ಯ ಹುಡುಕುವ ಪ್ರಯೋಗಾಲಯ. ಆಕಾಶದಿಂದ ಬರುವ ಕಣಗಳ ಗದ್ದಲ ಅಷ್ಟು ಆಳಕ್ಕೆ ಬರುವುದಿಲ್ಲವಂತೆ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನೀನು ಅಲ್ಲಿ ಸೈಕಲ್ ನಿಲ್ಲಿಸಿ ನನಗೂ ಪಾಠ ಶುರು ಮಾಡುವುದು ಖಂಡಿತ. ಮಾಡು, ಆಗಲಾದರೂ ನನಗೆ ಉಸಿರು ಬರುತ್ತದೆ. ಮುಂದೆ ಸಾಲ್ಟ್‌ಬರ್ನ್‌ ತನಕ ಇದೇ ಗೋಳು: ಇಳಿ, ಹತ್ತು, ಮತ್ತೆ ಇಳಿ. ಸಾಲ್ಟ್‌ಬರ್ನ್‌ನಲ್ಲಿ ಮಾತ್ರ 1884ರ ಒಂದು ಲಿಫ್ಟ್ ಇದೆ, ನಿನಗೆ ತೋರಿಸಬೇಕು. ಎರಡು ಡಬ್ಬಿ, ಮೇಲಿರುವ ಡಬ್ಬಿಯ ತೊಟ್ಟಿಗೆ ನೀರು ತುಂಬುತ್ತಾರೆ, ಅದು ಭಾರಕ್ಕೆ ಇಳಿಯುತ್ತಾ ಇನ್ನೊಂದನ್ನು ಎಳೆದು ಮೇಲೆ ತರುತ್ತದೆ. ಅದನ್ನು ನೋಡಲು ರೈಲಿನಲ್ಲಿ ಬೇಕಾದರೂ ಹೋಗಬಹುದು. ನಿನ್ನ ಆ 70 ಕಿಲೋಮೀಟರನ್ನು ನಾನು ಹೊಡೆದು ಹಾಕಿದ್ದೇನೆ.

ಈಗ ಮೇಲಿನ ದಾರಿಯ ಮಾತು. ನಿನ್ನ ಕೆಂಪು ಗೆರೆ ಪಶ್ಚಿಮದಿಂದ ಪೂರ್ವಕ್ಕೆ ನೇರ ಹೋಗಿದೆ. ನಕ್ಷೆಯಲ್ಲಿ ಅದು ಚೆಂದ. ಆದರೆ ಇಲ್ಲಿನ ನೆಲದ ಗುಣ ಬೇರೆ. ಅಂಗೈಯನ್ನು ಬೆರಳು ಅಗಲಿಸಿ ಮೇಜಿನ ಮೇಲೆ ಕವುಚಿ ಇಡು. ಬೆರಳುಗಳು ದಿಬ್ಬ, ಸಂದುಗಳು ಕಣಿವೆ. ಫಾರ್ನ್‌ಡೇಲ್, ರೋಸ್‌ಡೇಲ್, ಆಚೆ ಉತ್ತರಕ್ಕೆ ಫ್ರೈಅಪ್, ಗ್ಲೇಸ್‌ಡೇಲ್ ಎಲ್ಲ ಹೀಗೆ ಸಂದುಗಳಲ್ಲಿ ಮಲಗಿವೆ. ನೀನು ಬೆರಳುಗಳನ್ನು ಅಡ್ಡ ದಾಟುತ್ತೇನೆ ಅನ್ನುತ್ತಿದ್ದೀಯ. ಒಂದೊಂದು ಬೆರಳಿಗೂ ಒಂದು ಏರು, ಒಂದು ಇಳಿಜಾರು. ನಾನು ಹೇಳುವುದು ಬೆರಳಿನ ಬೆನ್ನ ಮೇಲೇ ಹೋಗೋಣ ಎಂದು. ಹಿಂದಿನವರೂ ಹೀಗೇ ಹೋಗುತ್ತಿದ್ದರು. ಕಣಿವೆ ತಳ ಕೆಸರು, ಕಾಡು. ದಿಬ್ಬದ ನೆತ್ತಿ ಒಣ ನೆಲ. ದಾರಿಗುರುತಿನ ಕಲ್ಲುಶಿಲುಬೆಗಳು ನಿಂತಿರುವುದೂ ಅಲ್ಲೇ.

ಅಡ್ಡ ದಾಟುವವರಿಗೆ ಕಾದು ಕೂತಿರುವುದು ರೋಸ್‌ಡೇಲಿನ ಚಿಮ್ನಿ ಬ್ಯಾಂಕ್. ನಿನ್ನ ಪಟ್ಟಿಯಲ್ಲಿ ಅದಕ್ಕೆ ಎರಡು ಅಡಿಗೆರೆ! ಮೂರಕ್ಕೆ ಒಂದರ ಏರು ಅದು, ನೂರಕ್ಕೆ 33. ನಮ್ಮ ಘಟ್ಟದ ರಸ್ತೆ ಹಾವಿನ ಹಾಗೆ ಸುತ್ತುವುದು ಲೋಡಾದ ಲಾರಿ ಹತ್ತಬೇಕು ಎಂದು. ಇಲ್ಲಿಯ ಓಣಿಗಳು ಹುಟ್ಟಿದ್ದು ಹೇರು ಕುದುರೆ ನಡೆದ ಜಾಡಿನಲ್ಲಿ, ಅವಕ್ಕೆ ಸುತ್ತುವ ವ್ಯವಧಾನವೇ ಇಲ್ಲ. ಸೀಟಿನ ಮೇಲೆ ಕೂತು ತುಳಿದರೆ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತದೆ. ಎದ್ದು ನಿಂತು ತುಳಿದರೆ, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರುತ್ತದೆ. ಎರಡರ ನಡುವೆ ಬಾಗಿ ಕೂರುವ ಒಂದು ಭಂಗಿ ಇದೆ, ಇಪ್ಪತ್ತೈದರ ಹುಡುಗರಿಗೆ ಅದು ಸಿದ್ಧಿಸುತ್ತದೆ. ನಿನ್ನ ಎಡ ಮೊಣಕಾಲಿಗೆ ಸಿದ್ಧಿಸುವುದಿಲ್ಲ. ನೋಡಲೇಬೇಕಾದರೆ ಮೇಲಿನಿಂದ ನೋಡೋಣ. ಆ ಹೆಸರು ಬಂದದ್ದು ಅಲ್ಲಿ ನಿಂತಿದ್ದ ಕಬ್ಬಿಣದ ಗಣಿಯ ದೊಡ್ಡ ಚಿಮ್ನಿಯಿಂದ. 1972ರಲ್ಲಿ ಅದನ್ನು ಕೆಡವಿದರು, ಅದಿರು ಸುಡುತ್ತಿದ್ದ ಕಲ್ಲಿನ ಕಮಾನುಗೂಡುಗಳು ಉಳಿದಿವೆ. ಅದಿರು ಸಾಗಿಸಲು 1861ರಲ್ಲಿ ಬೆಟ್ಟದ ನೆತ್ತಿಗೇ ರೈಲು ತಂದಿದ್ದರು! ಅದು 1929ರ ತನಕ ಓಡಿತು. ಹಳಿ ಕಿತ್ತ ಆ ದಾರಿ ಈಗಲೂ ಕಣಿವೆಯ ತಲೆಯ ಸುತ್ತ ಒಂದೇ ಎತ್ತರದಲ್ಲಿ ಬಳಸಿ ಹೋಗುತ್ತದೆ, ನಡೆಯುವವರಿಗೆ ಹೇಳಿ ಮಾಡಿಸಿದಂತಿದೆ.

ಹಾಗಾಗಿ ನನ್ನ ಲೆಕ್ಕ ಇದು. ನನ್ನ ಜೊತೆ ವಾರ್ಡಿನಲ್ಲಿ ಕೆಲಸ ಮಾಡುವವಳ ಗಂಡನಿಗೆ ಒಂದು ವ್ಯಾನ್ ಇದೆ. ಬೆಳಿಗ್ಗೆ ನಮ್ಮಿಬ್ಬರನ್ನೂ ಸೈಕಲ್ ಸಮೇತ ಹಟನ್-ಲ-ಹೋಲ್ ಎಂಬ ಹಳ್ಳಿಯಲ್ಲಿ ಬಿಡುತ್ತಾನೆ. ಊರ ನಡುವೆ ಹಳ್ಳ, ಹಳ್ಳದ ಬದಿಯ ಹುಲ್ಲು ಮೇಯುತ್ತಾ ಯಾರ ಹಂಗೂ ಇಲ್ಲದ ಕುರಿಗಳು. ಅಲ್ಲಿಂದ ಬ್ಲೇಕಿ ದಿಬ್ಬದ ರಸ್ತೆ ಉತ್ತರಕ್ಕೆ ಏರುತ್ತದೆ. ಏರುತ್ತದೆ ಎಂದರೆ ನಿನ್ನ ಕಾಲಿಗೆ ಗೊತ್ತೇ ಆಗದ ಹಾಗೆ. ಆರಂಭದ ಒಂದೆರಡು ಕಡೆ ಬಿಟ್ಟರೆ ನಡುವಿನ ಗೇರಿನಲ್ಲೇ ಹೋಗಬಹುದು. ಎಡಕ್ಕೆ ಫಾರ್ನ್‌ಡೇಲ್, ಬಲಕ್ಕೆ ರೋಸ್‌ಡೇಲ್, ಎರಡೂ ಕೆಳಗೆ ಹಸಿರಾಗಿ, ನಡುವೆ ನಾವು. ಸುಮಾರು 400 ಮೀಟರ್ ಎತ್ತರದಲ್ಲಿ ಲಯನ್ ಇನ್ ಎಂಬ ಹಳೆಯ ಹೋಟೆಲು, ಸುತ್ತ ಊರೇ ಇಲ್ಲ. ಚಹಾ ಅಲ್ಲೇ. ಮುಂದೆ ರಾಲ್ಫ್ ಶಿಲುಬೆ. ನಾರ್ತ್ ಯಾರ್ಕ್ ಮೂರ್ಸ್ ರಾಷ್ಟ್ರೀಯ ಉದ್ಯಾನವನದ ಲಾಂಛನ ಆ ಕಲ್ಲೇ.

ನೀನು ಬರುವ ಆಗಸ್ಟಿನಲ್ಲಿ ಹೆದರ್ ಗಿಡ ಹೂ ಬಿಟ್ಟಿರುತ್ತದೆ. ಮೊಣಕಾಲೆತ್ತರದ ಗಡುಸು ಪೊದೆ, ನೇರಳೆ ಬಣ್ಣ. ಕಣ್ಣು ಹಾಯುವ ತನಕ ಬೇರೇನೂ ಇಲ್ಲ. ಜೇನು ಸಾಕುವವರು ಪೆಟ್ಟಿಗೆಗಳನ್ನು ತಂದು ರಸ್ತೆ ಬದಿಗೆ ಇಟ್ಟಿರುತ್ತಾರೆ. ‘ಕಾಡು ಎಲ್ಲಿದೆ?’ ಎಂದು ನೀನು ಕೇಳುವುದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಇತ್ತು. ಕಂಚಿನ ಯುಗದ ಜನ ಮರ ಕಡಿದು ಸಾಗುವಳಿ ಮಾಡಿದರು, ಮಳೆಗೆ ಮಣ್ಣಿನ ಸಾರ ತೊಳೆದು ಹೋಯಿತು, ಉಳಿದ ಹುಳಿ ನೆಲಕ್ಕೆ ಒಗ್ಗಿದ್ದು ಹೆದರ್ ಮಾತ್ರ. ಈಗಲೂ ಅದು ತನ್ನಷ್ಟಕ್ಕೆ ಉಳಿದಿಲ್ಲ. ಕುರಿ ಮೇಯುತ್ತವೆ, ಚಳಿಗಾಲದಲ್ಲಿ ತುಂಡು ತುಂಡು ಜಾಗಕ್ಕೆ ಬೆಂಕಿ ಕೊಡುತ್ತಾರೆ, ಹೊಸ ಚಿಗುರು ಬರಲಿ, ಗ್ರೌಸ್ ಹಕ್ಕಿ ಹೆಚ್ಚಲಿ ಎಂದು. ಹೆಚ್ಚಿದ ಹಕ್ಕಿಯನ್ನು ಆಗಸ್ಟ್ 12ರಿಂದ ದುಡ್ಡು ಕೊಟ್ಟವರು ಬಂದು ಹೊಡೆಯುತ್ತಾರೆ. ಸೊಪ್ಪಿನ ಬೆಟ್ಟದ ಹಕ್ಕು ಬೇಕೆಂದು ಜಗಳ ಆಡಿದ ಮನೆಯವನು ನೀನು, ಯಾವ ಬೆಟ್ಟವೂ ಬರೀ ಬೆಟ್ಟ ಅಲ್ಲ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಈ ಬೆಂಕಿ ಕೊಡುವುದರ ಬಗ್ಗೆ ಇಲ್ಲೂ ದೊಡ್ಡ ವಾದ ನಡೆಯುತ್ತಿದೆ. ಪೀಟ್ ನೆಲ ಸುಟ್ಟರೆ ಅದು ಹಿಡಿದಿಟ್ಟ ಇಂಗಾಲ ಬಿಟ್ಟುಕೊಡುತ್ತದೆ ಎನ್ನುವವರ ಮಾತು ನನಗೆ ಸರಿ ಕಾಣುತ್ತದೆ. ಆದರೂ ಆ ನೇರಳೆಯನ್ನು ನೋಡಿ ಮರುಳಾಗುವವಳೂ ನಾನೇ.

ಕುರಿಗಳ ವಿಷಯ ನೆನಪಿಡು. ಮೇಲೆ ಬೇಲಿ ಇಲ್ಲ. ತಾಯಿಯಿಂದ ಮರಿ ಕಲಿತು, ಮರಿಯಿಂದ ಅದರ ಮರಿ ಕಲಿತು, ಪ್ರತಿ ಮಂದೆಗೂ ತನ್ನ ಎಲ್ಲೆ ಗೊತ್ತು. ಗೊತ್ತಿಲ್ಲದಿರುವುದು ರಸ್ತೆ ನಮ್ಮದು ಎಂಬುದಷ್ಟೇ. ಸಂಜೆ ಬೆಚ್ಚಗಿನ ಡಾಂಬರಿನ ಮೇಲೆ ಅಡ್ಡ ಮಲಗುತ್ತವೆ. ತಾಯಿ ಒಂದು ಬದಿ, ಮರಿ ಇನ್ನೊಂದು ಬದಿ ಇದ್ದರೆ ನೀನು ಹತ್ತಿರ ಬಂದ ಹೊತ್ತಿಗೇ ಮರಿ ದಾಟುತ್ತದೆ, ಇದು ನಿಯಮ ಅಂತಲೇ ತಿಳಿ. ದನ-ಕುರಿ ದಾಟದಂತೆ ರಸ್ತೆಗೆ ಅಡ್ಡ ಹಾಕಿದ ಕಬ್ಬಿಣದ ಸರಳುಗಳೂ ಇವೆ. ಮಳೆ ಬಿದ್ದಾಗ ಅವುಗಳ ಮೇಲೆ ಹ್ಯಾಂಡಲ್ ತಿರುಗಿಸಬೇಡ, ಬ್ರೇಕೂ ಹಿಡಿಯಬೇಡ.

ರಾಲ್ಫ್ ಶಿಲುಬೆಯಿಂದ ನೇರ ಕ್ಯಾಸಲ್‌ಟನ್‌ಗೆ ಇಳಿಯಬಹುದು, ಎಲ್ಲರೂ ಅದನ್ನೇ ಮಾಡುತ್ತಾರೆ. ನಾವು ಬಲಕ್ಕೆ ತಿರುಗೋಣ. ಸ್ವಲ್ಪ ದೂರದಲ್ಲಿ ಫ್ಯಾಟ್ ಬೆಟ್ಟಿ ಎಂಬ ಕುಳ್ಳ ಕಲ್ಲು, ಸುಣ್ಣ ಬಳಿದದ್ದು. ದಾರಿಹೋಕರು ತಮ್ಮಲ್ಲಿದ್ದ ತಿಂಡಿಯನ್ನು ಅದರ ಬುಡದಲ್ಲಿಟ್ಟು, ಹಿಂದಿನವರು ಇಟ್ಟುಹೋದದ್ದನ್ನು ತೆಗೆದುಕೊಳ್ಳುವುದು ರೂಢಿ. ನಾನು ಸಾಮಾನ್ಯವಾಗಿ ಚಿಕ್ಕಿ ಇಡುತ್ತೇನೆ. ಅಲ್ಲಿಂದ ಮುಂದೆ ಗ್ಲೇಸ್‌ಡೇಲ್ ರಿಗ್ ಎಂಬ ಇನ್ನೊಂದು ದಿಬ್ಬದ ಬೆನ್ನು ಸಿಗುತ್ತದೆ. ಅದರ ಮೇಲೆ ಈಶಾನ್ಯಕ್ಕೆ ಉದ್ದಕ್ಕೂ ಇಳಿಜಾರು. ನೈರುತ್ಯದ ಗಾಳಿ ಬೆನ್ನಿಗಿದ್ದರೆ ಪೆಡಲ್ ಬೇಕೇ ಆಗುವುದಿಲ್ಲ, ಆಕಾಶ ತಿಳಿಯಾಗಿದ್ದರೆ ಮುಂದೆ ಕಡಲಿನ ಗೆರೆಯೂ ಕಾಣುತ್ತದೆ. ಈ ಜಾಗದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಯಾವ ಪ್ರಸಿದ್ಧ ಪಟ್ಟಿಯಲ್ಲೂ ಅದು ಯಾಕಿಲ್ಲವೋ! ಏರು ಇಲ್ಲದ ದಾರಿಯಲ್ಲಿ ಕೊಚ್ಚಿಕೊಳ್ಳಲು ಏನೂ ಸಿಗುವುದಿಲ್ಲ, ಅದಕ್ಕಿರಬೇಕು.

ಗ್ಲೇಸ್‌ಡೇಲ್ ತಲುಪಿದ ಮೇಲೆ ಎಸ್ಕ್ ನದಿ. ಅದರ ಮೇಲೆ 1619ರ ಬೆಗ್ಗರ್ಸ್ ಬ್ರಿಜ್, ಒಂದೇ ಕಮಾನಿನ ಕಲ್ಲುಸೇತುವೆ. ನೆರೆಯಿಂದಾಗಿ ಪ್ರೇಯಸಿಯ ಬಳಿ ಹೋಗಲಾರದ ಬಡ ಹುಡುಗ ಮುಂದೆ ದುಡ್ಡು ಮಾಡಿ ಬಂದು ಕಟ್ಟಿಸಿದ ಎಂದು ಕಥೆ. ನದಿಯ ಬದಿ ಎಂದ ಮಾತ್ರಕ್ಕೆ ದಾರಿ ಸಲೀಸು ಅಂದುಕೊಳ್ಳಬೇಡ. ಸೇತುವೆಯ ಹತ್ತಿರದಿಂದಲೇ ಲಿಂಬರ್ ಹಿಲ್ ಶುರು, ಅದೂ ಮೂರಕ್ಕೆ ಒಂದು. ಅಲ್ಲಿ ನಾನು ಇಳಿದು ತಳ್ಳುತ್ತೇನೆ, ನೀನೂ ತಳ್ಳು, ಯಾರೂ ನೋಡುವುದಿಲ್ಲ. ಸಾಕೆನಿಸಿದರೆ ಪಕ್ಕದಲ್ಲೇ ರೈಲು ನಿಲ್ದಾಣ. ಮಿಡಲ್ಸ್‌ಬರೋದಿಂದ ವಿಟ್‌ಬಿಗೆ ಬರುವ ಆ ಗಾಡಿ ದಿನಕ್ಕೆ ಬೆರಳೆಣಿಕೆಯಷ್ಟು ಸಲ ಮಾತ್ರ ಓಡುತ್ತದೆ, ಸೈಕಲ್ಲಿಗೂ ಜಾಗ ಕಡಿಮೆ. ಆದರೆ ಕ್ಯಾಸಲ್‌ಟನ್, ಡ್ಯಾನ್ಬಿ, ಲೀಲಮ್, ಗ್ಲೇಸ್‌ಡೇಲ್, ಎಗ್ಟನ್, ಗ್ರೋಮಾಂಟ್ ಎಲ್ಲ ಕಡೆ ನಿಲ್ಲುತ್ತದೆ. ಅದು ಪಕ್ಕದಲ್ಲಿದೆ ಎಂಬ ಧೈರ್ಯಕ್ಕೇ ನಾನು ಈ ಕಣಿವೆಗೆ ಇಳಿಯುವುದು.

ನೀನು ಆಗಸ್ಟಿನ ಮೊದಲ ಮಂಗಳವಾರದೊಳಗೆ ಬಂದರೆ ಎಗ್ಟನ್ ಬ್ರಿಜ್‌ನಲ್ಲಿ ಗೂಸ್‌ಬೆರಿ ಮೇಳ. 1800ರಲ್ಲಿ ಶುರುವಾದದ್ದು. ಯಾರ ಗಿಡದ ಕಾಯಿ ಹೆಚ್ಚು ತೂಗುತ್ತದೆ ಎಂದು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಮುದುಕರು ಮುಖ ಬಿಗಿದು ನಿಂತಿರುತ್ತಾರೆ. ಅಡಿಕೆ ದರ ಕೂಗುವ ಹೊತ್ತಿನಲ್ಲಿ ನಮ್ಮ ದೊಡ್ಡಪ್ಪ ಹೇಗಿರುತ್ತಿದ್ದರು ನೆನಪಿದೆಯಲ್ಲ?

ಊಟದ ಬಗ್ಗೆ ಒಂದು ಎಚ್ಚರಿಕೆ. ವಿಟ್‌ಬಿಯಲ್ಲಿ ಹೆಜ್ಜೆ ಹೆಜ್ಜೆಗೂ ಮೀನು-ಚಿಪ್ಸ್ ಅಂಗಡಿ. ‘ನನಗೆ ಬರೀ ಚಿಪ್ಸ್ ಸಾಕು’ ಎಂದು ನುಗ್ಗಬೇಡ. ಈ ಸೀಮೆಯಲ್ಲಿ ದನದ ಕೊಬ್ಬಿನಲ್ಲಿ ಕರಿಯುವುದು ವಾಡಿಕೆ. ಎಣ್ಣೆಯಲ್ಲಿ ಕರಿಯುವ ಅಂಗಡಿ ನನಗೆ ಗೊತ್ತು. ದಾರಿಯಲ್ಲಿ ಸ್ಕೋನ್ ಮತ್ತು ಜಾಮ್, ಇಲ್ಲವೇ ಓಟ್ಸ್‌ನ ಫ್ಲ್ಯಾಪ್‌ಜಾಕ್. ಜೇಬಿಗೆ ಬೇಕಾದರೆ ಅವಲಕ್ಕಿ ಉಂಡೆ ನಾನೇ ಕಟ್ಟುತ್ತೇನೆ.

ಕಡಲು ನೋಡುವ ಆಸೆಯನ್ನು ನಾನು ಪೂರ್ತಿ ಕಿತ್ತುಕೊಂಡಿಲ್ಲ. ಅದಕ್ಕೆ ಹಳೆಯ ರೈಲುದಾರಿ ಇದೆ. ಸ್ಕಾರ್ಬರೋ-ವಿಟ್‌ಬಿ ನಡುವೆ 1885ರಲ್ಲಿ ಶುರುವಾಗಿ 1965ರಲ್ಲಿ ನಿಂತುಹೋದ ರೈಲು. ಹಳಿಯ ಕೆಳಗೆ ಜಲ್ಲಿಯ ಬದಲು ಕಲ್ಲಿದ್ದಲಿನ ಕಿಟ್ಟ ಹಾಸಿದ್ದರಿಂದ ಈಗ ಅದು ಸಿಂಡರ್ ಟ್ರ್ಯಾಕ್. 34 ಕಿಲೋಮೀಟರ್ ಇರಬಹುದು. ಉಗಿಬಂಡಿ ಮೂರಕ್ಕೆ ಒಂದು ಹತ್ತಲಾರದು, ಅದಕ್ಕಾಗಿ ನಲವತ್ತಕ್ಕೆ ಒಂದರ ಹಾಗೆ ದಾರಿ ಕಡಿದಿದ್ದಾರೆ. ಅಂದಿನ ಎಂಜಿನ್ನಿನ ಬಲಹೀನತೆ ಇಂದು ನಮ್ಮ ಮೊಣಕಾಲಿನ ಭಾಗ್ಯ. ನಮ್ಮ ಮನೆಯಿಂದ ಹೊರಟರೆ ಮೊದಲೇ ಲಾರ್ಪೂಲ್ ಸೇತುವೆ, ಕೆಂಪು ಇಟ್ಟಿಗೆಯ 13 ಕಮಾನು, ಕೆಳಗೆ ಎಸ್ಕ್. ಆಮೇಲೆ ರಾಬಿನ್ ಹುಡ್ಸ್ ಬೇ. ಊರೊಳಗಿನ ಇಳಿಜಾರಿಗೆ ಸೈಕಲ್ ಇಳಿಸಬೇಡ, ಮೇಲೆ ಬೀಗ ಹಾಕಿ ನಡೆದೇ ಹೋಗೋಣ. ಅಲ್ಲಿಂದ ರೇವನ್ಸ್‌ಕಾರ್‌ಗೆ ನಿಧಾನದ ಏರು. ಇಡೀ ದಾರಿಯಲ್ಲಿ ಎತ್ತರದ ಜಾಗ ಅದೇ, ಕೊಲ್ಲಿ ಪೂರ್ತಿ ಕೆಳಗೆ ಕಾಣುತ್ತದೆ.

ರೇವನ್ಸ್‌ಕಾರ್ ನಿನಗೆ ಹಿಡಿಸುತ್ತದೆ. 1890ರ ದಶಕದಲ್ಲಿ ಒಂದು ಕಂಪನಿ ಇಲ್ಲಿ ದೊಡ್ಡ ವಿಹಾರಪಟ್ಟಣ ಕಟ್ಟುತ್ತೇವೆಂದು ರಸ್ತೆ, ಚರಂಡಿ ಹಾಕಿ, ಸೈಟು ಕೊಳ್ಳಲು ಜನರನ್ನು ರೈಲಿನಲ್ಲಿ ಕರೆತಂದಿತು. ಬಂದವರು ಗಾಳಿಗೆ ಟೋಪಿ ಹಿಡಿದು ನಿಂತರು, ಕಡಲಿಗೆ ಇಳಿಯಲು ಇರುವ ಪ್ರಪಾತ ನೋಡಿದರು, ವಾಪಸ್ ಹೋದರು. ಕಂಪನಿ ದಿವಾಳಿಯಾಯಿತು. ಬೀದಿಗಳು ಹುಲ್ಲಿನೊಳಗೆ ಇನ್ನೂ ಇವೆ, ಮನೆಗಳು ಮಾತ್ರ ಬೆರಳೆಣಿಕೆಯಷ್ಟೇ. ಅದಕ್ಕೂ ಹಿಂದೆ, 1862ರ ತನಕ, ಅಲ್ಲೇ ಕೆಳಗೆ ಪಟಿಕದ ಕಾರ್ಖಾನೆ. ಕ್ಷೌರದಂಗಡಿಯಲ್ಲಿ ಗಾಯಕ್ಕೆ ತಿಕ್ಕುತ್ತಾರಲ್ಲ, ಅದೇ ಬಿಳಿ ಕಲ್ಲು. ಬಟ್ಟೆಗೆ ಬಣ್ಣ ಕಚ್ಚಲು ಬೇಕಿತ್ತು. ಜೇಡಿಪದರದ ಕಲ್ಲನ್ನು ತಿಂಗಳುಗಟ್ಟಲೆ ಸುಟ್ಟು, ನೀರಲ್ಲಿ ನೆನೆಸಿ, ಆ ದ್ರಾವಣಕ್ಕೆ ಸೇರಿಸುತ್ತಿದ್ದದ್ದು ಏನು ಗೊತ್ತೇ? ಮನುಷ್ಯರ ಮೂತ್ರ. ಅಮೋನಿಯಾಕ್ಕಾಗಿ. ಲಂಡನ್ನಿನಿಂದ ಹಡಗಿನಲ್ಲಿ ತರಿಸುತ್ತಿದ್ದರು! ನಿನ್ನ ಹಳೆಯ ಹತ್ತನೇ ತರಗತಿಯ ಹುಡುಗರಿಗೆ ಹೇಳಿದ್ದರೆ ಇಡೀ ಪಾಠ ನೆನಪಿಟ್ಟಿರುತ್ತಿದ್ದರು.

ಆ ದಾರಿ ಇನ್ನೂ ಹಲವು ಕಡೆ ಕಲ್ಲು, ಗುಂಡಿ. ನೀನು ಆಸೆಪಟ್ಟ ಸಪೂರ ಟಯರಿನ ರೇಸ್ ಸೈಕಲ್ ಅಲ್ಲಿ ನಡೆಯುವುದಿಲ್ಲ. ದಪ್ಪ ಟಯರಿನದ್ದನ್ನೇ ಬಾಡಿಗೆಗೆ ಹೇಳಿದ್ದೇನೆ, ಮುನಿಸಿಕೊಳ್ಳಬೇಡ. ಮತ್ತೆ, ನೀನು ಕಳಿಸಿದ 2014ರ ಟೂರ್ ಡಿ ಫ್ರಾನ್ಸ್ ವಿಡಿಯೊ ಯಾರ್ಕ್‌ಷೈರ್‌ನದ್ದೇ ಹೌದು, ಆದರೆ ಅದು ಇಲ್ಲಿಂದ ಪಶ್ಚಿಮಕ್ಕೆ, ಡೇಲ್ಸ್ ಸೀಮೆ. ಆ ರಸ್ತೆಗಳನ್ನು ಇಲ್ಲಿ ಹುಡುಕಬೇಡ.

ದಿನ ಮಾತ್ರ ಈಗಲೇ ಗೊತ್ತು ಮಾಡಲು ಆಗುವುದಿಲ್ಲ. ಬೇಸಿಗೆಯಲ್ಲಿ ತಣ್ಣನೆಯ ಕಡಲ ಮೇಲೆ ಬೆಚ್ಚಗಿನ ಗಾಳಿ ಹಾದು ಮಂಜು ಕಟ್ಟುತ್ತದೆ, ಮೂಡಣ ಗಾಳಿ ಎದ್ದರೆ ಅದು ದಂಡೆಗೆ ಬಂದು ಕೂರುತ್ತದೆ. ಆಗ ವಿಟ್‌ಬಿಯಲ್ಲಿ ಎದುರು ಮನೆ ಕಾಣುವುದಿಲ್ಲ, ಬ್ಲೇಕಿಯಲ್ಲಿ ಬಿಸಿಲಿರುತ್ತದೆ. ಮಳೆಗೆ ನೀನು ಹೆದರುವವನಲ್ಲ, ಆದರೆ ಇದು ನಮ್ಮ ಆಷಾಢದ ಮಳೆಯಲ್ಲ, ಚಳಿ ಹಿಡಿದ ಮಳೆ, ಬೆರಳು ಮರಗಟ್ಟಿದರೆ ಬ್ರೇಕ್ ಒತ್ತಲು ಆಗುವುದಿಲ್ಲ. ಕೈಗವಸು ತರಲೇಬೇಕು. ಆಗಸ್ಟಿನಲ್ಲಿ ರಾತ್ರಿ ಎಂಟೂವರೆ ತನಕ ಬೆಳಕಿರುತ್ತದೆ. ಹೊರಡಲು ಗಡಿಬಿಡಿ ಇಲ್ಲ. ಬೆಳಿಗ್ಗೆ ಗಾಳಿ ನೋಡಿ ಹೇಳುತ್ತೇನೆ.

ಇನ್ನೊಂದು ಮಾತು, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಕುರಿ, ಕಲ್ಲು ಎಂದು ಸುತ್ತಿದೆ. ಆಯಿ ಹೋದಮೇಲೆ ನೀನು ದಿನಾ ನಸುಕಿಗೇ ಸೈಕಲ್ ಹತ್ತಿ ಹೋಗಿ ಮಧ್ಯಾಹ್ನ ಬರುತ್ತೀಯಂತೆ, ಬಂದು ಮಾತಾಡದೆ ಮಲಗುತ್ತೀಯಂತೆ. ಅತ್ತಿಗೆ ಹೇಳಿದರು. ದಣಿದರೆ ಯೋಚನೆ ಬರುವುದಿಲ್ಲ ಎಂಬ ಲೆಕ್ಕವೇ ಆ 110, ಆ 120 ಎಂದು ನನಗೆ ನಕ್ಷೆ ಬಿಚ್ಚಿದ ಕೂಡಲೇ ಗೊತ್ತಾಯಿತು. ಚಿಮ್ನಿ ಬ್ಯಾಂಕ್ ಹತ್ತುವಾಗ ಯಾರಿಗೂ ಮಾತಾಡಲು ಆಗುವುದಿಲ್ಲ. ಬ್ಲೇಕಿ ದಿಬ್ಬದ ಮೇಲೆ ಆಗುತ್ತದೆ. ವಾಹನ ಕಡಿಮೆ ಇದ್ದ ಕಡೆ ಇಬ್ಬರೂ ಪಕ್ಕ ಪಕ್ಕ ಹೋಗಬಹುದು, ಉಸಿರು ಉಳಿದಿರುತ್ತದೆ. ಕೊನೆಯ ಆ ವಾರ ನಾನು ಅಲ್ಲಿರಲಿಲ್ಲ. ಏನೇನಾಯಿತು, ಆಯಿ ಏನು ಕೇಳಿದಳು, ಯಾರ ಹೆಸರು ಕರೆದಳು ಎಂದು ನನಗೆ ಯಾರೂ ಸರಿಯಾಗಿ ಹೇಳಿಲ್ಲ. ನೀನೊಬ್ಬನೇ ಹೇಳಬಲ್ಲೆ. ಫೋನಿನಲ್ಲಿ ಬೇಡ.

ಹತ್ತು ದಿನದ ಟಿಕೆಟ್ಟನ್ನು ಮೂರು ವಾರಕ್ಕೆ ಬದಲಿಸಲು ಆಗುತ್ತದೆಯೇ ಕೇಳಿ ನೋಡು. ತೋಟಕ್ಕೆ ಆಗಸ್ಟಿನಲ್ಲಿ ಕೊಳೆ ಔಷಧಿ ಹೊಡೆಸುವುದಿದೆ ಎಂಬ ನೆಪ ಹೇಳಬೇಡ, ಅದಕ್ಕೆ ಜನ ಗೊತ್ತು ಮಾಡಿ ಆಗಿದೆ ಎಂದು ಅತ್ತಿಗೆ ಬರೆದಿದ್ದಾರೆ.

ಸೈಕಲ್ ಅಂಗಡಿಯವನು ನಿನ್ನ ಅಳತೆ ಕೇಳುತ್ತಿದ್ದಾನೆ. ಗೋಡೆಗೆ ಬೆನ್ನು ಹಚ್ಚಿ ನಿಂತು ಕಾಲಿನ ಒಳ ಅಳತೆ ತೆಗೆಸು, ಸೆಂಟಿಮೀಟರಿನಲ್ಲಿ. ಈಗಿನ ಸೀಟಿನ ಎತ್ತರವನ್ನೂ ಪೆಡಲಿನ ನಡುವಿನಿಂದ ಅಳೆದು ಬರೆ. ಈ ವಾರವೇ ಕಳಿಸು, ಆಗಸ್ಟಿಗೆ ಒಳ್ಳೆಯ ಸೈಕಲ್ಲುಗಳೆಲ್ಲ ಬೇಗ ಹೋಗಿಬಿಡುತ್ತವೆ.

ನಿನ್ನ ತಂಗಿ